ಎಸೆಯುವುದಲ್ಲ, ಹೊಡೆಯುವುದು

ಕೇಳುಗರಿಗೆ ನಮಸ್ಕಾರ.

ಸಿನಿಮಾದಲ್ಲಿ ನಿಂಜಾ ಕೈ ಬೀಸಿದ್ದೇ ತಡ, ನಕ್ಷತ್ರದಂಥ ಅಲಗುಗಳು ಸರಸರ ಹಾರಿ ಕಂಬಕ್ಕೆ ನಾಟಿಕೊಳ್ಳುತ್ತವೆ. ನೀವೂ ನೋಡಿರ್ತೀರಿ, ಅಲ್ವಾ? ಅದೇ ಶುರಿಕೆನ್. ಕೈಯೊಳಗೆ ಬಚ್ಚಿಟ್ಟ ಅಲಗು ಅಂತ ಅರ್ಥ. ಈ ಜಪಾನಿ ವಿದ್ಯೆಯನ್ನು ಪುಸ್ತಕ ಓದಿ ಕಲಿಯಬಹುದೇ ಎನ್ನುವುದು ಇವತ್ತಿನ ಮಾತು.

ನಕ್ಷತ್ರದ್ದು ಸ್ವಲ್ಪ ಸುಲಭ. ಗಿರಗಿರ ತಿರುಗುತ್ತಾ ಹೋಗುತ್ತದೆ. ನಾಲ್ಕೋ ಆರೋ ಎಂಟೋ ಮೊನೆ ಇರುತ್ತವೆ, ಯಾವುದೋ ಒಂದು ನಾಟುತ್ತದೆ. ಆದರೆ ಶಿರಾಯಿ, ನೆಗಿಶಿಯಂಥ ಹಳೆಯ ಪರಂಪರೆಗಳು ಕಲಿಸಿದ್ದು ಕಡ್ಡಿಯಂಥ ನೇರ ಶುರಿಕೆನ್. ಅದಕ್ಕೆ ಬೋ ಶುರಿಕೆನ್ ಅನ್ನುತ್ತಾರೆ. ಗುರಿ ಮುಟ್ಟುವ ಹೊತ್ತಿಗೆ ಅದರ ಮೊನೆಯೇ ಮುಂದಿರಬೇಕು. ನನ್ನ ಮನಸ್ಸು ಸೆಳೆದದ್ದು ಅದು.

ಹಿಡಿತ ಹೀಗೆ. ಕಡ್ಡಿ ಅಂಗೈಯಲ್ಲಿ, ಮೊನೆ ಮೇಲಕ್ಕೆ. ನಡುಬೆರಳು ಅದರ ಉದ್ದಕ್ಕೂ ಆನಿಕೊಂಡಿರುತ್ತದೆ, ಹೆಬ್ಬೆರಳು ಮೇಲಿಂದ ಮೆತ್ತಗೆ ಒತ್ತುತ್ತದೆ. ಕತ್ತಿ ಬೀಸಿದ ಹಾಗೆ ಕೈ ಮೇಲಿಂದ ಕೆಳಗೆ ಬರುತ್ತದೆ. ಗಾಳಿಯಲ್ಲಿ ಕಡ್ಡಿ ಕಾಲು ಸುತ್ತು ಮಾತ್ರ ತಿರುಗಿ ನಾಟುತ್ತದೆ. ಜಪಾನಿನಲ್ಲಿ ಶುರಿಕೆನ್ 'ಎಸೆಯುವುದು' ಅನ್ನುವುದಿಲ್ಲ, 'ಹೊಡೆಯುವುದು' ಅನ್ನುತ್ತಾರೆ. ಆ ಒಂದು ಕ್ರಿಯಾಪದದಲ್ಲೇ ಅರ್ಧ ಪಾಠ ಇದೆ.

ಪುಸ್ತಕ ಮುಂದಿಟ್ಟುಕೊಂಡು ನಾನು ಪೆನ್ಸಿಲಿನಲ್ಲಿ ಇದನ್ನು ಮಾಡಿ ನೋಡಿದೆ. ಅಲಗು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಗುರಿಗೆ ಗೋಡೆಗೊರಗಿಸಿದ ದಿಂಬು. ಪೆನ್ಸಿಲ್ ಅಡ್ಡಡ್ಡ ಬಿತ್ತು, ಮತ್ತೆ ಮತ್ತೆ. ಹಿಡಿತ ಒಂಚೂರು ಬಿಗಿಯಾದರೂ ಸಾಕು, ಮೊನೆ ನೆಲ ನೋಡುತ್ತದೆ. ಪುಸ್ತಕದಲ್ಲಿ ಕೈ ಎತ್ತಿದ ಚಿತ್ರವಿತ್ತು, ಕೈ ಇಳಿಸಿದ ಚಿತ್ರವಿತ್ತು. ಕಡ್ಡಿ ಬೆರಳಿನಿಂದ ಜಾರುವ ಆ ಗಳಿಗೆ ಎರಡರ ನಡುವೆ ಎಲ್ಲೋ ಉಳಿದುಹೋಗಿತ್ತು.

ಹಳಬರಿಗೆ ಇದು ಗೊತ್ತಿತ್ತು. ಜಪಾನಿನ ಯುದ್ಧವಿದ್ಯೆಗಳ ಸುರುಳಿಗಳನ್ನು ಬರೆದದ್ದು ಆಗಲೇ ಕಲಿತವರ ನೆನಪಿಗಾಗಿ. ಮುಖ್ಯವಾದ ಜಾಗ ಬಂದರೆ 'ಕುದೆನ್' ಅಂತ ಬರೆದು ಬಿಟ್ಟುಬಿಡುತ್ತಿದ್ದರು. ಅಂದರೆ ಇದು ಬಾಯಿಮಾತಿನ ಪಾಠ, ಗುರುವನ್ನೇ ಕೇಳು ಅಂತ. ಗುರು ಪಕ್ಕದಲ್ಲಿ ನಿಂತು ನಿಮ್ಮ ಮಣಿಕಟ್ಟು ಮುಟ್ಟಿ, 'ಇಲ್ಲಿ ಸಡಿಲ ಮಾಡು' ಅನ್ನಬೇಕು.

ಹಾಗಂತ ಪುಸ್ತಕ ದಂಡ ಅಂತ ನಾನು ಹೇಳಲಾರೆ. 19ನೇ ಶತಮಾನದಲ್ಲಿ ನೆಗಿಶಿ ಶೋರೆಯ್ ಕಟ್ಟಿದ ಪರಂಪರೆಯಲ್ಲಿ ಮಂಜಿ, ತೋಜಿ, ಚೊಕುಶಿ ಅಂತ ಮೂರು ಹಂತಗಳಿವೆ. ಮೊದಲನೆಯದರಲ್ಲಿ ಕೈಯ ಚಲನೆ ದೊಡ್ಡದು, ಎರಡನೆಯದರಲ್ಲಿ ಚಿಕ್ಕದು, ಮೂರನೆಯದರಲ್ಲಿ ಇನ್ನೂ ಚಿಕ್ಕದು. ಓದದೇ ಇದ್ದಿದ್ದರೆ ನಾನು ಮೊದಲ ದಿನವೇ ಮೂರನೆಯದಕ್ಕೆ ಕೈ ಹಾಕಿಬಿಡುತ್ತಿದ್ದೆ. ದೂರದ ಲೆಕ್ಕ ಹೇಳಿದ್ದೂ ಪುಸ್ತಕವೇ: ಹತ್ತಿರದಿಂದ ಶುರು ಮಾಡಿ, ನಾಟಿದ ಮೇಲೆ ಒಂದೊಂದೇ ಹೆಜ್ಜೆ ಹಿಂದಕ್ಕೆ.

ಮೊನ್ನೆ ಸಂಜೆ ಪೆನ್ಸಿಲಿನ ಮೊನೆ ಮೊದಲ ಸಲ ದಿಂಬಿಗೆ ನೇರವಾಗಿ ತಾಗಿತು. ಧಪ್ ಅಂತ ಸಣ್ಣ ಸದ್ದು. ಇನ್ನೂ ಎರಡೇ ಹೆಜ್ಜೆ ದೂರದಲ್ಲಿದ್ದೇನೆ, ಮಂಜಿಯಲ್ಲೇ.

ನಮಸ್ಕಾರ.