ಅಪ್ಪನ ಕಣ್ಣಲ್ಲಿ ತೇಲಿದ ಕೀಲೆಣ್ಣೆ

ಅಪ್ಪ ಪೇಪರ್ ಓದೋದನ್ನ ನೋಡಿ. ತೊಡೆ ಮೇಲೆ ಹರಡಿಕೊಂಡು, ಬಗ್ಗಿ ಓದೋ ಮನುಷ್ಯ ಅವರು. ಈಗ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ ಹಾಗೆ ಮುಖದ ನೇರಕ್ಕೆ ಎತ್ತಿ ಹಿಡಿದಿದಾರೆ. ಕೈ ನೋವು ಬಂದ್ರೆ ಇಳಿಸ್ತಾರೆ, ಎರಡು ಗುಟುಕು ಕಾಫಿ, ಮತ್ತೆ ಎತ್ತೋದು.

ಇದಕ್ಕೆಲ್ಲ ಕಾರಣ ಎಣ್ಣೆ. ಅದೂ ನನ್ನ ಕಸುಬಿನ ಎಣ್ಣೆ.

ಅಪ್ಪಂಗೆ ಶುಗರ್‌ನಿಂದ ರೆಟಿನಾದಲ್ಲಿ, ಅಂದ್ರೆ ಕಣ್ಣಿನ ಹಿಂಬದಿಯ ಪರದೇಲಿ, ಊತ. ತಿಂಗಳಿಗೊಂದು ಇಂಜೆಕ್ಷನ್, ಸೀದಾ ಕಣ್ಣಿಗೇ. ಎರಡನೇದು ಹಾಕಿಸ್ಕೊಂಡು ಬಂದ ಮಾರನೇ ದಿನ, "ಗಾಜಿನ ಮಣಿ ಥರ ಮೂರ್ನಾಲ್ಕು ತೇಲ್ತಾ ಇವೆ ಕಣಮ್ಮ. ಸುಮ್ನೆ ಕೂತಿದ್ರೆ ಕೆಳಗಡೆ ಇರ್ತವೆ. ಪೇಪರ್‌ಗೆ ಬಗ್ಗಿದ್ರೆ ಅಕ್ಷರದ ಮೇಲೇ ಬಂದು ಕೂರ್ತವೆ" ಅಂದ್ರು.

ನಾನಿರೋದು ಇಂಜೆಕ್ಷನ್ ತಯಾರಿಸೋ ಕಂಪನಿಯ ಪ್ಯಾಕೇಜಿಂಗ್ ಲ್ಯಾಬಲ್ಲಿ. ಔಷಧಿ ಬೇರೆಯವರದು, ಅದನ್ನ ತುಂಬೋ ಗಾಜು, ರಬ್ಬರ್ ನನ್ನದು. ಗುಂಡಗಿರೋ, ತೇಲೋ ಮಣಿ ಅಂದ ತಕ್ಷಣ ತಲೇಲಿ ಒಂದೇ ಹೆಸರು ಬಂತು. ಡಾಕ್ಟರ್ ಕೂಡ ಪರೀಕ್ಷೆ ಮಾಡಿ ಅದನ್ನೇ ಹೇಳಿದ್ರು: ಸಿಲಿಕೋನ್ ಎಣ್ಣೆ ಹನಿ, ಸಿರಿಂಜಿಂದ ಬಂದದ್ದು.

ಫ್ಯಾಕ್ಟರಿ ಒಳಗೆ ಕ್ಯಾಮೆರಾ ಬಿಡಲ್ಲ. ಅದಕ್ಕೇ ಮನೆ ಡೈನಿಂಗ್ ಟೇಬಲ್ ಮೇಲೆ ಶೂಟ್ ಮಾಡ್ತಿದೀನಿ. ಇದು ಮೆಡಿಕಲ್ ಶಾಪಿಂದ ತಂದ ಮಾಮೂಲಿ ಸಿರಿಂಜ್. ಪ್ಲಂಜರ್, ಅಂದ್ರೆ ಹಿಂದಿಂದ ತಳ್ಳೋ ದಂಡ, ಎಳೆದು ತೆಗೀತೀನಿ. ಒಳಗೆ ಚಿಟಿಕೆ ಮುಖದ ಪೌಡರ್. ಅಲ್ಲಾಡಿಸಿ, ತಲೆಕೆಳಗು ಮಾಡಿ, ಕೊಡವಿ... ನೋಡಿ. ಪೌಡರ್ ಬಿದ್ದು ಹೋಗಿಲ್ಲ, ಗೋಡೆಗೆ ಮೆತ್ಕೊಂಡಿದೆ. ಇಲ್ಲಿ ದಟ್ಟ, ಇಲ್ಲಿ ಗೆರೆ ಗೆರೆ. ಎಣ್ಣೆ ಎಲ್ಲೆಲ್ಲಿದೆ ಅನ್ನೋದರ ನಕ್ಷೆ ಇದು. ನಮ್ಮ ಲ್ಯಾಬಲ್ಲೂ ನಯವಾದ ಪುಡಿ ಹಾಕಿ ಹೀಗೇ ನೋಡೋ ಒಂದು ವಿಧಾನ ಇದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ಪಕ್ಕದಲ್ಲೇ ಈ ಬಡವರ ಪರೀಕ್ಷೆ, ನನಗೆ ಇದೇ ಇಷ್ಟ.

ಈಗ ಇನ್ನೊಂದು ಸಿರಿಂಜ್. ನಿನ್ನೆ ಇದನ್ನ ಬಿಸಿನೀರು, ಪಾತ್ರೆ ಸೋಪು ಹಾಕಿ ನಾಲ್ಕೈದು ಸಲ ಉಜ್ಜಿ ಒಣಗಿಸಿದೀನಿ. ಪ್ಲಂಜರ್ ತಳ್ಳಿದ್ರೆ... ಕೇಳಿಸ್ತಾ? ಕಟ, ಕಟ, ಕಟ. ಹಿಡಿಯುತ್ತೆ, ಜಾರುತ್ತೆ, ಮತ್ತೆ ಹಿಡಿಯುತ್ತೆ. ಚರ್ಮದೊಳಗೆ ಸೂಜಿ ಇರುವಾಗ ಹೀಗಾದ್ರೆ ಹೇಗಿರುತ್ತೆ ಯೋಚನೆ ಮಾಡಿ.

ಹಳ್ಳೀಲಿ ಕಾಂಪೌಂಡರ್ ಸ್ಟವ್ ಮೇಲೆ ಕುದಿಸ್ತಿದ್ದ ಗಾಜಿನ ಸಿರಿಂಜ್ ಅಪ್ಪಂಗೆ ನೆನಪಿದೆ. ಅದಕ್ಕೆ ಎಣ್ಣೆ ಬೇಕಿರಲಿಲ್ಲ. ಗಾಜಿನೊಳಗೆ ಗಾಜು, ಒಂದಕ್ಕೊಂದು ಉಜ್ಜಿ ಕೂರಿಸಿದ ಜೋಡಿ. ಒಮ್ಮೆ ಬಳಸಿ ಎಸೆಯೋ ಸಿರಿಂಜ್‌ನಲ್ಲಿ ರಬ್ಬರ್ ಬಂತು. ರಬ್ಬರ್ ಬಂದಮೇಲೆ ಕೀಲೆಣ್ಣೆ ಇಲ್ಲದೆ ಗಾಡಿ ಓಡಲ್ಲ. ಔಷಧಿ ತುಂಬಿಸಿಯೇ ಬರೋ ಗಾಜಿನ ಸಿರಿಂಜ್‌ಗಳಲ್ಲಿ ಸಾಮಾನ್ಯವಾಗಿ ಬಳಸೋ ಸಿಲಿಕೋನ್ ಎಣ್ಣೆ ಎಷ್ಟು ಮಂದ ಅಂದ್ರೆ, ಹತ್ತಿರ ಹತ್ತಿರ ನಮ್ಮ ಹರಳೆಣ್ಣೆಯಷ್ಟು. ಎತ್ತಿನ ಗಾಡಿಯ ಅಚ್ಚಿಗೂ ಹರಳೆಣ್ಣೆ ಹಾಕ್ತಿದ್ರು ಅಂತ ಅಪ್ಪ. ಕೆಲಸ ಅದೇ, ಅಳತೆ ಮಾತ್ರ ಬೇರೆ.

ಆ ಅಳತೆಗೇ ನನಗೆ ಸಂಬಳ ಕೊಡೋದು. 1 ಮಿಲಿಲೀಟರಿನ ಉದ್ದನೆಯ ಗಾಜಿನ ಸಿರಿಂಜ್ ಒಂದಕ್ಕೆ ಸುಮಾರು ಅರ್ಧ ಮಿಲಿಗ್ರಾಂ ಎಣ್ಣೆ. ಒಂದು ಸಾಸಿವೆ ಕಾಳು 2 ಮಿಲಿಗ್ರಾಂ ಇದ್ದೀತು, ಅದರ ಕಾಲುಭಾಗ. ಒಳಗೋಡೆಗೆಲ್ಲ ಸಮವಾಗಿ ಹರಡಿದ್ರೆ ಪದರ ಅರ್ಧ ಮೈಕ್ರಾನ್, ಕೂದಲೆಳೆಯ ನೂರನೇ ಒಂದು ಭಾಗಕ್ಕಿಂತ ತೆಳು. ಕಷ್ಟ ಇರೋದು ಆ 'ಸಮವಾಗಿ' ಅನ್ನೋ ಪದದಲ್ಲಿ. ಸ್ಪ್ರೇ ನಳಿಕೆ ಹಿಂದಿನ ಬಾಯಿಂದ ಎಣ್ಣೆ ಊದುತ್ತೆ. ನಳಿಕೆ ಅಲ್ಲೇ ನಿಂತು ಊದಿದ್ರೆ ಸೂಜಿ ಕಡೆ ತುದಿಗೆ ಎಣ್ಣೆ ಕಡಿಮೆ. ಹಾಗಾಗಿ ಈಗ ನಳಿಕೆಯೇ ಒಳಗೆ ಮುಳುಗಿ, ಊದ್ತಾ ಊದ್ತಾ ಚಲಿಸೋ ಯಂತ್ರಗಳಿವೆ.

ಪ್ಲಂಜರನ್ನ ಯಂತ್ರದಿಂದ ಒಂದೇ ವೇಗದಲ್ಲಿ ತಳ್ಳಿಸಿ ಗ್ರಾಫ್ ತೆಗೀತೀವಿ. ಕಾಗದದ ಮೇಲೆ ಬರ್ಕೊಂಡಿದೀನಿ, ತೋರಿಸ್ತೀನಿ. ಮೊದಲಿಗೆ ಒಂದು ಪುಟ್ಟ ಗೋಪುರ. ನಿಂತಿದ್ದ ರಬ್ಬರನ್ನ ಕದಲಿಸೋಕೆ ಬೇಕಾದ ಬಲ ಅದು, ನಾವು 'ಬ್ರೇಕ್ ಲೂಸ್' ಅಂತೀವಿ. ಆಮೇಲೆ ಸಪಾಟು ರಸ್ತೆ, ಅದು 'ಗ್ಲೈಡ್'. ಕೊನೇಲಿ ರಸ್ತೆ ಹೀಗೆ ಏರು ಹತ್ತಿದ್ರೆ ತುದೀಲಿ ಎಣ್ಣೆ ಸಾಲದು ಅಂತ ಅರ್ಥ. ಕೈಯಲ್ಲಿ ಒತ್ತೋರು ಇನ್ನಷ್ಟು ಬಲ ಹಾಕ್ತಾರೆ. ಆದ್ರೆ ಸ್ಪ್ರಿಂಗ್‌ನಿಂದ ತಾನೇ ತಳ್ಳೋ ಇಂಜೆಕ್ಟರ್ ಪೆನ್ ಇದೆಯಲ್ಲ, ಅದರ ಸ್ಪ್ರಿಂಗ್‌ಗೆ ಇರೋ ಬಲ ಇಷ್ಟೇ. ಡೋಸ್ ಪೂರ್ತಿ ಆಗೋ ಮೊದಲೇ ನಿಂತುಬಿಡಬಹುದು.

ಹಾಗಾದ್ರೆ ಧಾರಾಳವಾಗಿ ಎಣ್ಣೆ ಹಾಕಿಬಿಡಬಹುದಲ್ಲ? ಹಾಕಿದ್ರೆ ಅದು ಔಷಧಿಗೆ ಇಳಿಯುತ್ತೆ. 1985ರಲ್ಲೇ 'ಲ್ಯಾನ್ಸೆಟ್' ಪತ್ರಿಕೇಲಿ ಇನ್ಸುಲಿನ್‌ಗೆ ಹೀಗೆ ಸಿಲಿಕೋನ್ ಎಣ್ಣೆ ಸೇರೋದರ ಬಗ್ಗೆ ವೈದ್ಯರು ಬರೆದಿದ್ರು, ಪ್ಲಾಸ್ಟಿಕ್ ಸಿರಿಂಜ್‌ನಿಂದ. ಪ್ರೋಟೀನ್ ಔಷಧಿಗಳಿಗಂತೂ ಎಣ್ಣೆ ಹನಿ ಅಂದ್ರೆ ಅಂಟಿಕೊಳ್ಳೋಕೆ ಸಿಕ್ಕ ಜಾಗ. ಒಂದರ ಪಕ್ಕ ಒಂದು ಅಂಟಿ, ಗಂಟು ಕಟ್ಟೋ ಭಯ. ಒಳಗೆ ಗಾಳಿಗುಳ್ಳೆ ಇದ್ದು, ಡಬ್ಬ ಅಲುಗಾಡಿದ್ರೆ ಇನ್ನೂ ಜಾಸ್ತಿ.

ಇದಕ್ಕೆ ಒಂದು ಪರಿಹಾರ ಅಮ್ಮನ ಅಡುಗೆಮನೇಲೇ ಇದೆ. ಈ ಕಾವಲಿ ನೋಡಿ, ಬೀಡು ಕಬ್ಬಿಣದ್ದು. ಹೊಸದರಲ್ಲಿ ಹೊಯ್ದ ದೋಸೆಯೆಲ್ಲ ಕಿತ್ತು ಬರ್ತಿತ್ತು. ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿ ಪಳಗಿಸಿದ್ರು. ಈಗ ಬೆರಳಿಟ್ಟು ಉಜ್ಜಿದ್ರೂ ಕೈಗೆ ಎಣ್ಣೆ ಹತ್ತಲ್ಲ, ದೋಸೆ ಮಾತ್ರ ಜಾರುತ್ತೆ. ಗಾಜನ್ನೂ ಹೀಗೆ ಪಳಗಿಸ್ತಾರೆ. ಸಿಲಿಕೋನನ್ನ ನೀರಲ್ಲಿ ಹಾಲಿನ ಥರ ಕಲಸಿ ಊದಿ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಕಾಯಿಸ್ತಾರೆ. ನೀರು ಹೋಗುತ್ತೆ, ಎಣ್ಣೆ ಗಾಜನ್ನ ಕಚ್ಕೊಳ್ಳುತ್ತೆ. ಪದರ ಕೆಲವು ಹತ್ತುಗಳಷ್ಟು ನ್ಯಾನೋಮೀಟರ್, ಮೈಕ್ರಾನಿನ ಸಾವಿರದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಅಂತಾರೆ. ಒಂದು ಸಿರಿಂಜ್‌ಗೆ 0.1 ಮಿಲಿಗ್ರಾಮಿಗಿಂತ ಕಡಿಮೆ ಸಾಕು.

ಮತ್ತೆ ಎಲ್ಲವನ್ನೂ ಯಾಕೆ ಪಳಗಿಸಲ್ಲ ಅಂತ ನಾನೂ ಮೊದಲ ವರ್ಷ ಕೇಳಿದ್ದೆ. ಸೂಜಿ ಮೊದಲೇ ಅಂಟಿಸಿ ಬರೋ ಸಿರಿಂಜ್‌ಗಳಿವೆಯಲ್ಲ, ಆ ಅಂಟು 300 ಡಿಗ್ರಿ ತಡೆಯಲ್ಲ. ಅವಕ್ಕೆ ಸ್ಪ್ರೇನೇ ಗತಿ. ಇನ್ಸುಲಿನ್ ಪೆನ್ನಿನೊಳಗೆ ಕೂರೋ ಗಾಜಿನ ಕೊಳವೆ, 3 ಮಿಲಿಲೀಟರ್ ಕಾರ್ಟ್ರಿಜ್‌ಗೆ ಅಂಟಿಸಿದ ಸೂಜಿ ಇಲ್ಲ, ಅದು ಆರಾಮಾಗಿ ಒಲೆಗೆ ಹೋಗುತ್ತೆ.

ಕಣ್ಣಿನ ವಿಷಯಕ್ಕೆ ಬರೋಣ. ಮಾಮೂಲಿ ಇಂಜೆಕ್ಷನ್‌ಗೆ ಅಮೆರಿಕದ ಫಾರ್ಮಕೋಪಿಯ, ಅಂದ್ರೆ ಔಷಧಿ ಗುಣಮಟ್ಟದ ನಿಯಮಗಳ ಪುಸ್ತಕದ ಪ್ರಕಾರ, ಚಿಕ್ಕ ಸೀಸೆ ಅಥವಾ ಸಿರಿಂಜ್ ಆದ್ರೆ ಒಂದರಲ್ಲಿ 10 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣ 6000ದವರೆಗೆ ಇರಬಹುದು. ಕಣ್ಣಿನದಕ್ಕೆ ಮಿಲಿಲೀಟರಿಗೆ ಬರೀ 50. ಆದ್ರೆ ಅಪ್ಪಂಗೆ ಹಾಕೋ ಬೆವಾಸಿಜುಮ್ಯಾಬ್ ಮೂಲತಃ ಕ್ಯಾನ್ಸರ್ ಔಷಧಿ. ದೊಡ್ಡ ಸೀಸೆಯಿಂದ ಚಿಕ್ಕ ಸಿರಿಂಜ್‌ಗೆ ಎಳ್ಕೊಂಡು 0.05 ಮಿಲಿಲೀಟರ್ ಮಾತ್ರ ಹಾಕ್ತಾರೆ. ಕಂಪನಿಯೇ ಕಣ್ಣಿಗೆಂದು ತುಂಬಿ ಕಳಿಸೋ ಔಷಧಿಗಿಂತ ಎಷ್ಟೋ ಅಗ್ಗ, ನಮ್ಮಂಥೋರಿಗೆ ಅದೇ ದಾರಿ. ಹೀಗೆ ಬಳಸೋ ಚಿಕ್ಕ ಸಿರಿಂಜ್‌ಗಳಲ್ಲಿ ತುಂಬ ಸಲ ಎಣ್ಣೆ ಇರುತ್ತೆ, ಕಣ್ಣಿಗೆ ಅಂತ ಮಾಡಿದ್ದಲ್ಲ ಅವು. ಅದರ ಮೇಲೆ ಗಾಳಿಗುಳ್ಳೆ ತೆಗೆಯೋಕೆ ಬೆರಳಲ್ಲಿ ಟಕ್ ಟಕ್ ಅಂತ ತಟ್ಟಿದ್ರೆ ಇನ್ನಷ್ಟು ಹನಿ ಕಳಚುತ್ತೆ. ರಬ್ಬರೂ ಇಲ್ಲದ, ಎಣ್ಣೆಯೂ ಇಲ್ಲದ ಎರಡೇ ತುಂಡಿನ ಪ್ಲಾಸ್ಟಿಕ್ ಸಿರಿಂಜ್‌ಗಳಿವೆ. ಕಣ್ಣಿಗೆ ಅವನ್ನೇ ಬಳಸಲಿ ಅನ್ನೋದು ನನ್ನ ಪಟ್ಟು.

ಅಪ್ಪನ ಮಣಿಗಳ ಒಗಟು? ಎಣ್ಣೆ ನೀರಿಗಿಂತ ಹಗುರ, ಕಣ್ಣೊಳಗೂ ಮೇಲಕ್ಕೇ ತೇಲುತ್ತೆ. ರೆಟಿನಾ ಮೇಲೆ ಚಿತ್ರ ತಲೆಕೆಳಗಾಗಿ ಬೀಳೋದ್ರಿಂದ ಮೇಲಿರೋ ಹನಿ ಕೆಳಗೆ ಕಾಣುತ್ತೆ. ಬಗ್ಗಿದ್ರೆ ಕಣ್ಣಿನ ಹಿಂಭಾಗವೇ ಮೇಲಾಯ್ತಲ್ಲ, ಹನಿ ಅಲ್ಲಿಗೆ ಹೋಗುತ್ತೆ. ನಾವು ಅಕ್ಷರ ಓದೋ ಜಾಗ ಇರೋದೂ ಅಲ್ಲೇ. ಹೆದರೋಂಥದ್ದಲ್ಲ ಅಂದ್ರು ಡಾಕ್ಟರ್. ರೆಟಿನಾ ಕಳಚಿದೋರಿಗೆ ಆಪರೇಷನ್‌ನಲ್ಲಿ ಕಣ್ಣು ತುಂಬಾ ಸಿಲಿಕೋನ್ ಎಣ್ಣೆಯನ್ನೇ ತುಂಬೋದುಂಟು. ಅಪ್ಪಂಗೆ ಇದೆಲ್ಲ ಕಿತ್ತಳೆ ಹಣ್ಣು ಹಿಡಿದು ವಿವರಿಸಿದೆ. ಎಲ್ಲ ಕೇಳಿ, ಹಣ್ಣು ಸುಲಿದು ತಿಂದ್ರು.

ಮೂರನೇ ಇಂಜೆಕ್ಷನ್ ಮೊನ್ನೆ ಆಯ್ತು. ನನ್ನನ್ನ ಒಳಗೆ ಬಿಡಲಿಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಮಲಗಿಸಿ, ಮುಖದ ಮೇಲೆ ಹಸಿರು ಬಟ್ಟೆ ಹಾಕ್ತಿದ್ದಾಗ ಅಪ್ಪ, "ಡಾಕ್ಟ್ರೇ, ಸಿರಿಂಜ್‌ಗೆ ತಟ್ಟಬೇಡಿ" ಅಂದ್ರಂತೆ. "ಯಾರು ಹೇಳಿದ್ದು ನಿಮಗೆ?" ಅಂತ ಡಾಕ್ಟರ್ ಕೇಳಿದ್ದಕ್ಕೆ, ಬಟ್ಟೆ ಅಡಿಯಿಂದಲೇ ಕೈ ಹೊರಗೆ ತೆಗೆದು, ನಾನು ಕೂತಿದ್ದ ಗೋಡೆ ಕಡೆ ಬೆರಳು ತೋರಿಸಿದ್ರಂತೆ.