ನಾಲಗೆ ಜುಮ್ಮೆನಿಸುವ ಮರ

ಶ್ರೋತೃಗಳಿಗೆ ನಮಸ್ಕಾರ.

ಗೋವಾದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಗಸ್ಟ್ ಹುಟ್ಟಿದ ಕೂಡಲೇ ದೋಣಿಗಳು ಹೊರಡುತ್ತವೆ, ಮಡಗಾಂವ್, ಮ್ಹಾಪ್ಸಾ, ಫೋಂಡಾದ ಮಾರುಕಟ್ಟೆಗಳಿಗೆ ಬಂಗಡೆ ಬರುತ್ತದೆ. ಎಲ್ಲರ ಕಣ್ಣೂ ಮೀನಿನ ಬುಟ್ಟಿಯ ಮೇಲೆ. ಮುಂದಿನ ಸಲ ಹೋದಾಗ ಅಲ್ಲೇ ಸ್ವಲ್ಪ ಆಚೆ, ಹಳ್ಳಿಯಿಂದ ಸೊಪ್ಪು, ಕೆಸುವಿನ ಎಲೆ, ಅಮಟೆಕಾಯಿ ತಂದು ಗೋಣಿಚೀಲ ಹಾಸಿ ಕೂತ ಹೆಂಗಸರ ಮುಂದೆ ನಿಂತು ನೋಡಿ. ಹಸಿರು ಮಣಿಗಳ ಗೊಂಚಲುಗಳನ್ನು ದಾರ ಸುತ್ತಿ ಇಟ್ಟಿರುತ್ತಾರೆ. ಒಂದು ಮಣಿ ಕಿತ್ತು ಉಗುರಿನಿಂದ ಒತ್ತಿದರೆ ಮೊದಲು ನಿಂಬೆಸಿಪ್ಪೆಯ ವಾಸನೆ, ಹಿಂದೆಯೇ ಮೆಣಸಿನದು, ಅದರ ಹಿಂದೆ ಮಳೆಯಲ್ಲಿ ನೆಂದ ಕಾಡಿನದು. ಕೊಂಕಣಿಯವರ ತೆಫ್ಲಾಂ, ಅಂಗಡಿಯವರ ತಿರಫಳ, ನಮ್ಮ ಉತ್ತರ ಕನ್ನಡದವರ ಜುಮ್ಮನಕಾಯಿ, ಎಲ್ಲವೂ ಇದೇ. ಇಂದಿನ ಮಾತು ಆ ಕಾಯಿಯದು, ಅದಕ್ಕಿಂತ ಹೆಚ್ಚಾಗಿ ಅದನ್ನು ಕೊಡುವ ಮರದ್ದು.

ನಾನು ಹಾವೇರಿ ಸೀಮೆಯವಳು. ಹಾವೇರಿ, ಗದಗ, ಕೊಪ್ಪಳ, ವಿಜಯಪುರದಿಂದ ವಾಸ್ಕೋ, ಮಡಗಾಂವ್, ಫೋಂಡಾಕ್ಕೆ ದುಡಿಯಲು ಬಂದ ನಮ್ಮಂಥ ಬಯಲುಸೀಮೆಯವರಿಗೆ ಈ ಕಾಯಿ ತವರಿನಲ್ಲಿ ಕಂಡದ್ದಲ್ಲ. ಅಂಕೋಲಾ, ಕುಮಟಾ, ಕಾರವಾರದಿಂದ ಬಂದವರಿಗೆ ಹಾಗಲ್ಲ. ಅವರ ಮನೆಯಲ್ಲಿ ಜುಮ್ಮನಕಾಯಿ ಹಾಕದ ಬಂಗಡೆ ಸಾರನ್ನು ಸಾರು ಎನ್ನಲು ಹಿರಿಯರು ಒಪ್ಪುವುದಿಲ್ಲ. ಆದರೂ ಗೋವಾದ ಕೆಂಪು ಹುಮಣದಲ್ಲಿ, ಎಂದರೆ ಅಲ್ಲಿಯ ಮೀನು ಸಾರಿನಲ್ಲಿ, ನಮ್ಮ ಪಾಲೂ ಇದೆಯೆಂದು ಗಟ್ಟಿಯಾಗಿ ಹೇಳಬಹುದು. ಬಣ್ಣ ಕೊಡುವುದು ನಮ್ಮ ಹಾವೇರಿಯ ಬ್ಯಾಡಗಿ ಮೆಣಸಿನಕಾಯಿ. ಹೆಚ್ಚು ಖಾರವಿಲ್ಲದ, ಕಡುಗೆಂಪು ಬಣ್ಣದ ಆ ಮೆಣಸಿನಕಾಯಿಗೆ 2011ರಲ್ಲಿ ಊರಿನ ಹೆಸರನ್ನು ಕಾಯುವ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಅದು ಘಟ್ಟದ ಮೇಲಿಂದ ಇಳಿದು ಬರಬೇಕು, ಜುಮ್ಮನಕಾಯಿ ಘಟ್ಟದ ಮಗ್ಗುಲಿನ ಕಾಡಿನಿಂದ ಬರಬೇಕು, ಬಂಗಡೆ ಕಡಲಿನಿಂದ. ಮೂರೂ ಸೇರಿದ ಮೇಲೆಯೇ ಗಡಿಗೆ ಒಲೆಗೆ ಏರುವುದು.

ಆ ಗಡಿಗೆಯಲ್ಲಿ ಏನು ನಡೆಯುತ್ತದೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜುಮ್ಮನಕಾಯಿ ಬಳಸುವ ರೀತಿ ಬೇರೆ ಯಾವ ಸಾಂಬಾರ ಪದಾರ್ಥದ ಹಾಗೂ ಅಲ್ಲ. ಕಾಯಿತುರಿ, ಬ್ಯಾಡಗಿ ಮೆಣಸಿನಕಾಯಿ, ನಾಲ್ಕು ಕಾಳು ಕೊತ್ತಂಬರಿ, ಅರಿಶಿನ, ಹುಣಸೆ ಹಾಕಿ ಬೆಣ್ಣೆಯಂತೆ ನುಣ್ಣಗೆ ಅರೆಯುತ್ತಾರೆ. ಜುಮ್ಮನಕಾಯಿಯನ್ನು ಆ ಮಸಾಲೆಯ ಜೊತೆ ಅರೆಯುವುದಿಲ್ಲ. ಅರೆದರೆ ಕಹಿ ಬಿಡುತ್ತದೆ. ಒಣಗಿದ್ದಾದರೆ ಮೊದಲು ಬಿಡಿಸಬೇಕು. ಒಣಗಿದ ಕಾಯಿ ತಾನಾಗಿಯೇ ಬಿರಿದು, ಒಳಗೆ ಹೊಳೆಯುವ ಕರಿ ಬೀಜ ಕಾಣುತ್ತದೆ. ನೋಡಲು ಚೆಂದ, ಆದರೆ ಅಡುಗೆಗೆ ಪ್ರಯೋಜನವಿಲ್ಲ: ಗಟ್ಟಿ, ಬಾಯಿಗೆ ಮರಳು ಸಿಕ್ಕಿದ ಹಾಗೆ. ಅದನ್ನು, ಜೊತೆಗಿರುವ ತೊಟ್ಟನ್ನು ತೆಗೆದು ಬಿಸಾಡಿ. ಪರಿಮಳವಿರುವುದೆಲ್ಲ ಹೊರಗಿನ ಸಿಪ್ಪೆಯಲ್ಲಿ. ನಾಲ್ಕು ಜನರ ಸಾರಿಗೆ ಎಂಟು ಹತ್ತು ಸಿಪ್ಪೆ ಸಾಕು. ಸ್ವಲ್ಪ ನೀರಿನಲ್ಲಿ ಹಾಕಿ ಬೆರಳಿನಿಂದ ಹಿಸುಕಿ, ಇಲ್ಲವೇ ಒರಳಿನಲ್ಲಿ ಒಂದೇ ಪೆಟ್ಟು ಕೊಟ್ಟು, ಸಾರು ಕುದಿ ಬಂದ ಮೇಲೆ ನೀರಿನ ಸಮೇತ ಸುರಿಯಿರಿ. ಮೀನು ಬಿಡಿ. ಎರಡು ಕುದಿ, ಅಷ್ಟೇ. ಮೇಲೆ ಒಂದು ಚಮಚ ಹಸಿ ಕೊಬ್ಬರಿ ಎಣ್ಣೆ ಹಾಕಿ ಮುಚ್ಚಿಡಿ.

ಬೆಳ್ಳುಳ್ಳಿ ಬೇಡ, ಒಗ್ಗರಣೆಯೂ ಬೇಡ. ಈಚೆಗೆ ಕೆಲವು ಹೋಟೆಲಿನವರು ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆ ಎಲ್ಲ ಹಾಕಿ, ಅದರ ಮೇಲೆ ನಾಲ್ಕು ತಿರಫಳ ತೇಲಿಬಿಡುತ್ತಾರೆ. ಅದು ಕಾಯಿಗೆ ಮಾಡುವ ಅವಮಾನ ಅಂತಲೇ ನನ್ನ ಅಭಿಪ್ರಾಯ. ಬಂಗಡೆ, ತಾರಲೆಯಂಥ ಎಣ್ಣೆ ಹೆಚ್ಚಿರುವ ಮೀನಿನ ಹಸಿ ವಾಸನೆಯನ್ನು ಅಡಗಿಸುವುದೇ ಅದರ ಕೆಲಸ. ಅದನ್ನು ಒಂಟಿಯಾಗಿ ಮಾಡಲು ಅದಕ್ಕೆ ಬರುತ್ತದೆ.

ಮೀನು ತಿನ್ನದವರು ಬೇಸರಪಡಬೇಕಾಗಿಲ್ಲ. ಚೌತಿಯ ಹಬ್ಬದಲ್ಲಿ, ದೇವಸ್ಥಾನದ ಊಟದಲ್ಲಿ ಬಡಿಸುವ ಖತಖತೆಯನ್ನು ಗೋವಾದಲ್ಲಿರುವವರು ಒಮ್ಮೆಯಾದರೂ ಉಂಡಿರುತ್ತೀರಿ. ಮೂಲಂಗಿ, ನುಗ್ಗೆ, ಸುವರ್ಣಗೆಡ್ಡೆ, ಗೆಣಸು, ಕುಂಬಳ, ಮೆಕ್ಕೆಜೋಳದ ತುಂಡು, ತೊಗರಿಬೇಳೆ, ಬೆಲ್ಲ, ಕೋಕಮ್ ಎಲ್ಲ ಸೇರಿದ ಆ ಗಟ್ಟಿ ಪದಾರ್ಥವನ್ನು ಬರಿಯ ತರಕಾರಿ ಹುಳಿಯಿಂದ ಬೇರೆ ಮಾಡುವುದು ಇದೇ ಸಿಪ್ಪೆ. ಮನೆಯಲ್ಲಿ ಸುಲಭವಾಗಿ ನೋಡಬೇಕೆಂದರೆ ನಾಳೆಯ ತೊಗರಿಬೇಳೆ ತೊವ್ವೆಗೆ ಎರಡು ಸಿಪ್ಪೆ ಜಜ್ಜಿ ಹಾಕಿ.

ಒಂದು ಎಚ್ಚರಿಕೆ. ಮಕ್ಕಳ ಕೈಯಲ್ಲಿ ತಿರಫಳ ತರಲು ಹೇಳಿ ಕಳಿಸಿದರೆ ತ್ರಿಫಲಾ ಚೂರ್ಣದ ಡಬ್ಬಿ ಬರುವುದುಂಟು. ಅದು ಅಳಲೆ, ತಾರೆ, ನೆಲ್ಲಿಯ ಪುಡಿ. ಬಂಗಡೆ ಸಾರಿಗೆ ಹಾಕಿದರೆ ಆಗುವುದು ನಿಮಗೇ ಗೊತ್ತು.

ಮಡಗಾಂವ್ ಮಾರುಕಟ್ಟೆಯಲ್ಲಿ ನಮ್ಮ ಕಡೆಯ ಹೆಂಗಸರೂ ಈಗ ಇದನ್ನು ಮಾರುತ್ತಾರೆ. "ಅಕ್ಕಾರ, ಹಸೀದು ತಗೋರಿ, ಒಣಗಿದ್ದು ಯಾವಾಗ ಬೇಕಾದ್ರೂ ಸಿಗತೈತಿ" ಎಂದು ಒಬ್ಬಾಕೆ ಹೇಳಿದಳು. ವ್ಯಾಪಾರದ ಮಾತಾದರೂ ನಿಜ. ಹಸಿಕಾಯಿಯ ಕಾಲ ಮಳೆಗಾಲದ ಕೊನೆಯ ಕೆಲವು ವಾರ ಮಾತ್ರ. ಉಪ್ಪುನೀರಿನಲ್ಲಿ ಹಾಕಿಡುವವರಿದ್ದಾರೆ, ನೆರಳಿನಲ್ಲಿ ಒಣಗಿಸಿ ಬಾಟಲಿಗೆ ತುಂಬುವವರಿದ್ದಾರೆ. ಬಾಟಲಿಯ ಮುಚ್ಚಳ ಬಿಗಿಯಿರಲಿ. ಎಣ್ಣೆ ಹಾರಿಹೋದ ಹಳೆಯ ಸಿಪ್ಪೆಯಲ್ಲಿ ಬರಿ ಕಟ್ಟಿಗೆಯ ರುಚಿ. ಕೊಳ್ಳುವ ಮುಂಚೆ ಒಂದು ಚೂರು ಬಾಯಿಗೆ ಹಾಕಿ ಅಗಿಯಿರಿ. ಅರೆ ನಿಮಿಷದಲ್ಲಿ ಬಾಯಲ್ಲಿ ನೀರು ಒಡೆದು, ನಾಲಗೆಯ ತುದಿ ಜುಮುಜುಮು ಎನ್ನಬೇಕು. ಎನ್ನದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಈ ಜುಮುಜುಮು ಯಾಕೆ ಆಗುತ್ತದೆ? ನಮ್ಮ ಜುಮ್ಮನ ಮರದ ಶಾಸ್ತ್ರೀಯ ಹೆಸರು ಜಾಂಥೋಕ್ಸೈಲಮ್ ರೆಟ್ಸಾ. ಚೀನಾದ ಸಿಚುವಾನ್ ಮೆಣಸು, ಜಪಾನಿನ ಸಾನ್ಶೋ, ನೇಪಾಳದ ತಿಮುರ್ ಎಲ್ಲ ಇದರ ದಾಯಾದಿಗಳು. ಈ ಕುಲದ ಸಿಪ್ಪೆಗಳಲ್ಲಿ ಸಾನ್ಶೂಲ್ ಎಂಬ ರಾಸಾಯನಿಕಗಳಿರುತ್ತವೆ. ಮೆಣಸಿನಕಾಯಿ ಉರಿಯ ನರವನ್ನು ಕೆಣಕಿದರೆ, ಇವು ಸ್ಪರ್ಶದ ನರವನ್ನು ಕೆಣಕುತ್ತವೆ. 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. ಜನರ ತುಟಿಗೆ ಸಿಚುವಾನ್ ಮೆಣಸು ಸವರಿ, ಅವರ ಬೆರಳಿಗೆ ಯಂತ್ರದಿಂದ ಕಂಪನ ಕೊಟ್ಟು, ತುಟಿಯ ಜುಮುಜುಮುವಿಗೆ ಯಾವ ಕಂಪನ ಹೊಂದುತ್ತದೆ ಎಂದು ಕೇಳಿದರು. ಉತ್ತರ ಬಂದದ್ದು ಸುಮಾರು 50 ಹರ್ಟ್ಸ್, ಎಂದರೆ ಸೆಕೆಂಡಿಗೆ 50 ಸಲ. ನಮ್ಮ ಮನೆಯ ವಿದ್ಯುತ್ತಿನ ಆವರ್ತನವೂ 50 ಹರ್ಟ್ಸ್. ಕಾಕತಾಳೀಯವೇ ಇರಬಹುದು, ಆದರೆ ಮೊದಲ ಸಲ ಇದನ್ನು ಅಗಿದ ಮಕ್ಕಳು "ಕರೆಂಟ್ ಹೊಡೀತು" ಎಂದು ಕೂಗುವುದನ್ನು ನಾನು ಕೇಳಿದ್ದೇನೆ.

ನಿಂಬೆಯ ವಾಸನೆ ಬರುವುದಕ್ಕೂ ಕಾರಣವಿದೆ. ನಿಂಬೆ, ಕಿತ್ತಳೆ, ಬಿಲ್ವ, ಕರಿಬೇವು, ಜುಮ್ಮನ ಮರ ಇವೆಲ್ಲ ಒಂದೇ ಕುಟುಂಬ. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಕಿತ್ತಳೆ ಸಿಪ್ಪೆಯಲ್ಲೂ ಇದೆ, ಸಾಬಿನೀನ್ ಕಾಳುಮೆಣಸಿನಲ್ಲೂ ಇದೆ. ಈ ನೆಂಟಸ್ತಿಕೆಯಿಂದ ಸಿಚುವಾನ್ ಮೆಣಸು ಒಮ್ಮೆ ತೊಂದರೆಗೂ ಸಿಕ್ಕಿತ್ತು: ಕಿತ್ತಳೆ ತೋಟಗಳಿಗೆ ಕಜ್ಜಿರೋಗ ತರಬಹುದೆಂಬ ಭಯದಿಂದ ಅಮೆರಿಕ 1968ರಿಂದ 2005ರವರೆಗೆ ಅದರ ಆಮದನ್ನೇ ನಿಷೇಧಿಸಿತ್ತು.

ಸರಿ, ಇನ್ನು ಮರ. ಅಡುಗೆಮನೆಯಲ್ಲಿ ಈ ಕಾಯಿಯನ್ನು ಬಲ್ಲವರು ಗೋವಾದಲ್ಲಿ ಲೆಕ್ಕವಿಲ್ಲದಷ್ಟು ಜನ. ಅವರಲ್ಲಿ ಮರ ಕಂಡವರು ಯಾರು ಎಂದು ಕೇಳಿ ನೋಡಿ, ಎತ್ತಿದ ಕೈ ಬೆರಳೆಣಿಕೆಯಷ್ಟೇ. ಸಾಂಗೆ, ಕಾಣಕೋಣದ ಕಾಡಂಚಿನ ಹಳ್ಳಿಗಳಲ್ಲಿ, ಘಟ್ಟದ ಬುಡದ ತೋಟಗಳಲ್ಲಿ ಹುಡುಕಬೇಕು. ಹಳೆಯ ಮರ 15, 20 ಮೀಟರ್ ಎತ್ತರಕ್ಕೆ ಹೋಗುತ್ತದೆ. ಕಾಂಡವನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ: ದಪ್ಪ ಬುಡದ, ಚೂಪು ತುದಿಯ ಮುಳ್ಳುಗಳು ಬುಡದಿಂದ ಮೇಲಿನವರೆಗೆ. ಗುಲಾಬಿಯ ಮುಳ್ಳಿನಂಥದ್ದಲ್ಲ, ಒಂದೊಂದೂ ಮರದ ತೊಗಟೆಯೇ ಎದ್ದು ನಿಂತ ಶಂಕು. ಎಲೆ ಬೇವಿನ ಹಾಗೆ ಗರಿಗರಿಯಾಗಿ ಕೊಂಬೆಯ ತುದಿಯಲ್ಲಿ ಗುಂಪಾಗಿರುತ್ತದೆ. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಸಣ್ಣ ಪಾರದರ್ಶಕ ಚುಕ್ಕೆಗಳು, ಅವು ಎಣ್ಣೆಯ ಗ್ರಂಥಿಗಳು. ಬೇಸಿಗೆಯಲ್ಲಿ ಎಲೆ ಉದುರಿ ಮರ ಬೋಳಾಗುತ್ತದೆ, ಆಗ ಮುಳ್ಳು ಮಾತ್ರ.

ಈ ಮರ ಪಶ್ಚಿಮ ಘಟ್ಟದ್ದು ಮಾತ್ರವಲ್ಲ. ಶ್ರೀಲಂಕಾ, ನಮ್ಮ ಈಶಾನ್ಯ ರಾಜ್ಯಗಳು, ಥಾಯ್ಲೆಂಡ್, ಅದರಾಚೆಯ ದ್ವೀಪಗಳವರೆಗೂ ಹಬ್ಬಿದೆ. ಮಿಜೋರಾಮಿನವರು ಎಳೆ ಎಲೆಯನ್ನೇ ಸೊಪ್ಪಿನಂತೆ ಬೇಯಿಸಿ ಉಣ್ಣುತ್ತಾರೆ. ಉತ್ತರ ಥಾಯ್ಲೆಂಡಿನವರು ಇದರ ಕಾಯಿಯನ್ನು ಮಾಖ್ವೆನ್ ಎಂದು ಕರೆದು, ಕೊಚ್ಚಿದ ಮಾಂಸದ ಖಾದ್ಯಕ್ಕೆ ಪುಡಿ ಮಾಡಿ ಹಾಕುತ್ತಾರೆ. ನಮ್ಮ ಕರಾವಳಿಯವರು ಮೀನಿಗೆ ಹಾಕುತ್ತಾರೆ.

ಮದ್ದಿನ ವಿಷಯದಲ್ಲಿ ಈ ಮರದ ಯಾವ ಭಾಗವನ್ನೂ ಜನ ಬಿಟ್ಟಿಲ್ಲ. ಹೊಟ್ಟೆಯುಬ್ಬರಕ್ಕೆ, ಅಜೀರ್ಣಕ್ಕೆ ಸಿಪ್ಪೆ. ಹಲ್ಲುನೋವಿಗೆ ಸಿಪ್ಪೆಯನ್ನು ನೋಯುವ ಹಲ್ಲಿನ ಕೆಳಗೆ ಇಟ್ಟುಕೊಳ್ಳುವುದು. ಮರಗಟ್ಟಿಸುವ ಗುಣ ಇರುವುದರಿಂದ ಅಷ್ಟು ಹೊತ್ತಿನ ಉಪಶಮನ ಸಿಕ್ಕೀತು, ಹುಳುಕು ಹೋಗುವುದಿಲ್ಲ. ಕೇರಳದ ಕಾಣಿ ಬುಡಕಟ್ಟಿನವರು ಕಾಂಡದ ಮುಳ್ಳನ್ನು ಕಿತ್ತು, ಕಲ್ಲಿನ ಮೇಲೆ ನೀರು ಹಾಕಿ ಗಂಧದಂತೆ ತೇದು, ಬಾಣಂತಿಯರ ಎದೆನೋವಿಗೆ, ಹಾಲು ಹೆಚ್ಚಲು ಹಚ್ಚುತ್ತಾರೆ. ಗೋವಾದಲ್ಲಿ ಬೇರಿನ ತೊಗಟೆಯನ್ನು ಮೂತ್ರಪಿಂಡ ಶುದ್ಧಿಗೆ ಬಳಸುತ್ತಿದ್ದರೆಂದು 19ನೇ ಶತಮಾನದ ಕೊನೆಯಲ್ಲಿ ಮುಂಬಯಿಯಲ್ಲಿದ್ದ ವೈದ್ಯ ವಿಲಿಯಂ ಡೈಮಾಕ್ ಬರೆದಿಟ್ಟಿದ್ದಾರೆ. ಅಸ್ಸಾಮಿನ ತೇಜಪುರದ ರಕ್ಷಣಾ ಸಂಶೋಧನಾಲಯದವರು ಇದರ ಎಣ್ಣೆ ಸೊಳ್ಳೆಯನ್ನು ದೂರವಿಡುತ್ತದೆಯೇ ಎಂದು ಸಾಸಿವೆ ಎಣ್ಣೆ, ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಪರೀಕ್ಷಿಸಿದ್ದರು. ಕೇಳಲು ಇದೆಲ್ಲ ಸೊಗಸು. ಆದರೆ ಬೇರು, ತೊಗಟೆಯ ಕಷಾಯವನ್ನು ಮಾತ್ರ ಮನೆಯಲ್ಲಿ ನೀವೇ ಮಾಡಿ ಕುಡಿಯಬೇಡಿ. ಸಾರಿಗೆ ಬೀಳುವ ಹತ್ತು ಸಿಪ್ಪೆಯ ಮಾತು ಬೇರೆ, ಮದ್ದಿನ ಪ್ರಮಾಣದ ಮಾತು ಬೇರೆ. ತೊಗಟೆಗಾಗಿ ಕಾಂಡ ಸುಲಿದರೆ ಮರಕ್ಕೂ ಪೆಟ್ಟು.

ಇದರ ಎಲೆಯನ್ನೇ ನಂಬಿದ ಒಂದು ಜೀವವೂ ಇದೆ. ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಒಂದು ದೊಡ್ಡ ಚಿಟ್ಟೆ, ಕಪ್ಪು ರೆಕ್ಕೆಗೆ ಅಡ್ಡವಾಗಿ ನೀಲಿಹಸಿರು ಪಟ್ಟೆ. ಕೇರಳದವರು ಬುದ್ಧಮಯೂರಿ ಎಂದು ಕರೆದು 2018ರಲ್ಲಿ ತಮ್ಮ ರಾಜ್ಯದ ಚಿಟ್ಟೆಯಾಗಿ ಸಾರಿದರು. ಅದು ಮೊಟ್ಟೆಯಿಡುವುದು ಜುಮ್ಮನ ಮರದ ಎಲೆಯ ಮೇಲೆ. ಮರ ಕಡಿದಲ್ಲಿ ಅದರ ಹುಳುವಿಗೆ ಮೇವಿಲ್ಲ.

ಮರಕ್ಕೆ ಕತ್ತಿ ಬೀಳುವುದು ಯಾಕೆಂದರೆ, ಮುಳ್ಳಿರುವ ಕಾಂಡವನ್ನು ಹತ್ತಲಾಗುವುದಿಲ್ಲ. ಗೊಂಚಲುಗಳು ಇರುವುದು ಕೊಂಬೆಯ ತುತ್ತತುದಿಯಲ್ಲಿ. ತಾಳ್ಮೆಯುಳ್ಳವರು ಉದ್ದದ ದೋಟಿಗೆ ಕೊಕ್ಕೆ ಕಟ್ಟಿ ಗೊಂಚಲನ್ನಷ್ಟೇ ಕೀಳುತ್ತಾರೆ. ಅವಸರದವರು ಕೊಂಬೆಯನ್ನೇ ಕತ್ತರಿಸಿ ಕೆಡವುತ್ತಾರೆ. ಹಿತ್ತಿಲಲ್ಲಿ ತಾನಾಗಿ ಎದ್ದ ಸಸಿಯನ್ನೂ ಮುಳ್ಳೆಂದು ಕಿತ್ತೆಸೆಯುತ್ತಾರೆ, ಆಮೇಲೆ ಪೇಟೆಗೆ ಬಂದು ಒಣಸಿಪ್ಪೆಗೆ ದುಬಾರಿ ದುಡ್ಡು ಕೊಡುತ್ತಾರೆ. ಈ ಜಾಣತನ ನನಗೆ ಅರ್ಥವಾಗಿಲ್ಲ.

ಹಿತ್ತಿಲಲ್ಲಿ ಜಾಗವಿದ್ದವರಿಗೆ ಕೊನೆಯದಾಗಿ ಎರಡು ಮಾತು. ಅಡುಗೆಗೆ ಬೇಡವೆಂದು ಎಸೆಯುವ ಆ ಕರಿ ಬೀಜವನ್ನು ಮಣ್ಣಿಗೆ ಹಾಕಿ ಕಾಯುತ್ತಾ ಕೂತರೆ ನಿರಾಶೆಯೇ ಹೆಚ್ಚು; ಸಿಪ್ಪೆ ಗಟ್ಟಿ, ಎಣ್ಣೆಯ ಪಸೆ, ಮೊಳೆಯುವುದು ಕಡಿಮೆ. ಹಳೆಯ ಮರದ ಸುತ್ತ ತಾನಾಗಿ ಎದ್ದ ಸಣ್ಣ ಗಿಡವನ್ನು ಮಳೆಗಾಲದ ಆರಂಭದಲ್ಲಿ ಬುಡದ ಮಣ್ಣಿನ ಸಮೇತ ತಂದು ನೆಡುವುದು ಮೇಲು, ಮರದ ಯಜಮಾನರನ್ನು ಕೇಳಿ. ಒಂದೇ ಗಿಡ ನೆಟ್ಟು ನಿಶ್ಚಿಂತೆಯಾಗಿರಬೇಡಿ. ಗಂಡು ಹೂವನ್ನೇ ಬಿಡುವ ಮರಗಳಿವೆ, ಅವುಗಳಲ್ಲಿ ಕಾಯಿ ಕಟ್ಟುವುದಿಲ್ಲ, ಅದು ಗೊತ್ತಾಗುವುದು ಹೂ ಬಂದ ಮೇಲೆಯೇ. ಎರಡು ಮೂರು ಗಿಡವಿರಲಿ. ನೀರು ನಿಲ್ಲದ ಜಾಗ ನೋಡಿ, ಮಕ್ಕಳು ಆಡುವ ಅಂಗಳದಿಂದ, ಬಟ್ಟೆ ಒಣಹಾಕುವ ತಂತಿಯಿಂದ ದೂರ ನೆಡಿ.

ನಮಸ್ಕಾರ.