ಮತದಾನಕ್ಕೆ ಮುಂಚೆಯೇ ಮುಗಿದ ಚುನಾವಣೆ: ಬಂಗಾಳದ ಪಂಚಾಯಿತಿ ಹಿಂಸೆ ಹೇಗೆ ನಡೆಯುತ್ತೆ?

[ತೆರೆ ಮೇಲೆ: 58,692]

2018ರ ಮೇ ತಿಂಗಳು, ಪಶ್ಚಿಮ ಬಂಗಾಳದ ಪಂಚಾಯಿತಿ ಚುನಾವಣೆ. ಗ್ರಾಮ, ಬ್ಲಾಕ್ (ನಮ್ಮ ತಾಲೂಕಿನಂಥದ್ದು), ಜಿಲ್ಲೆ, ಮೂರೂ ಮಟ್ಟ ಸೇರಿ 58,692 ಸೀಟು. ಅದರಲ್ಲಿ 20 ಸಾವಿರಕ್ಕೂ ಹೆಚ್ಚು ಸೀಟಿಗೆ ಮತದಾನವೇ ಆಗಲಿಲ್ಲ. ಅವಿರೋಧ ಆಯ್ಕೆ! ಗೆದ್ದವರು ಹೆಚ್ಚುಕಮ್ಮಿ ಎಲ್ಲರೂ ಆಗ ಆಡಳಿತದಲ್ಲಿದ್ದ ತೃಣಮೂಲ ಕಾಂಗ್ರೆಸ್‌ನವರು.

ನಮ್ಮಲ್ಲೂ ಅವಿರೋಧ ಆಯ್ಕೆ ಇದೆ. ಊರ ಹಿರಿಯರು ಕೂತು ತೀರ್ಮಾನ ಮಾಡ್ತಾರೆ, ಕೆಲವು ಕಡೆ ಸೀಟನ್ನ ಹರಾಜೂ ಹಾಕ್ತಾರೆ. ಆದ್ರೆ ಇಲ್ಲಿ ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಅಲ್ಲಿ ಇದೆ.

[ಗ್ರಾಫಿಕ್: ಒಂದು ಗೇಟು, ಸುತ್ತ ಬೈಕುಗಳು]

ಈಗ ಲೆಕ್ಕ ನೋಡಿ. 2023ರ ಲೆಕ್ಕದ ಪ್ರಕಾರ ರಾಜ್ಯದಲ್ಲಿ 61 ಸಾವಿರಕ್ಕೂ ಹೆಚ್ಚು ಬೂತ್. ಅಷ್ಟನ್ನೂ ಹಿಡಿಯೋಕೆ ಎಷ್ಟು ಜನ ಬೇಕು? ಆದ್ರೆ ಹೆಚ್ಚಿನ ನಾಮಪತ್ರ ಸಲ್ಲಿಸೋದು ಬಿಡಿಒ, ಅಂದ್ರೆ ಬ್ಲಾಕ್ ಅಭಿವೃದ್ಧಿ ಅಧಿಕಾರಿಯ ಆಫೀಸಲ್ಲಿ, ಬ್ಲಾಕಿಗೆ ಒಂದು. ಅಂಥ ಬ್ಲಾಕ್ ಸುಮಾರು 340. ಕೆಲವೇ ದಿನ ಆ ಗೇಟಿನ ಮುಂದೆ ದೊಣ್ಣೆ ಹಿಡಿದು ನಿಂತ್ರೆ ಸಾಕು. ವಿರೋಧ ಪಕ್ಷಗಳು ದೂರಿದ್ದು ಇದನ್ನೇ. ಅವರಿಗೆ ಅಭ್ಯರ್ಥಿಗಳೇ ಸಿಗಲಿಲ್ಲ ಅನ್ನೋದು ತೃಣಮೂಲದ ಉತ್ತರ.

ಕೋಲ್ಕತ್ತಾ ಹತ್ತಿರದ ಭಾಂಗರ್‌ನಲ್ಲಿ ಕೆಲವರು ನಾಮಪತ್ರದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ರು. ಕಲ್ಕತ್ತಾ ಹೈಕೋರ್ಟ್ ಅದನ್ನ ಸ್ವೀಕರಿಸಿ ಅಂತು. ಅವರಲ್ಲಿ ಐವರು ಗೆದ್ದೂಬಿಟ್ರು! ಅವಿರೋಧ ಸೀಟುಗಳ ಆಯ್ಕೆ ರದ್ದು ಮಾಡೋಕೆ ಮಾತ್ರ ಸುಪ್ರೀಂ ಕೋರ್ಟ್ 2018ರ ಆಗಸ್ಟ್‌ನಲ್ಲಿ ಒಪ್ಪಲಿಲ್ಲ.

ಒಂದು ಪಂಚಾಯಿತಿ ಸೀಟಿಗೆ ಇಷ್ಟೆಲ್ಲ ಯಾಕೆ? 2018ರ ಹೊತ್ತಿಗೆ ಮನೆ, ನರೇಗಾ ಕೂಲಿ, ರಸ್ತೆ ಗುತ್ತಿಗೆ, ಎಲ್ಲವೂ ಪಂಚಾಯಿತಿ ಮೂಲಕ ಬರ್ತಿತ್ತು. ಪಂಚಾಯಿತಿಗೆ ಹೋಗೋ ದಾರಿ ಪಕ್ಷದ ಮೂಲಕ. ಜನರಿಗೆ ಬರೋ ಸವಲತ್ತಿನಲ್ಲಿ ಮುರಿದುಕೊಳ್ಳೋ ಪಾಲಿಗೆ ಅಲ್ಲಿ 'ಕಟ್ ಮನಿ' ಅಂತಾನೇ ಹೆಸರು. 2019ರಲ್ಲಿ ಮಮತಾ ಬ್ಯಾನರ್ಜಿಯವರೇ ತಮ್ಮ ಪಕ್ಷದವರಿಗೆ, ತಗೊಂಡಿದ್ದನ್ನ ವಾಪಸ್ ಕೊಡಿ ಅಂದ್ರು. ಸೋತ ಕಡೆಯವನಿಗೆ ಐದು ವರ್ಷ ಊರಲ್ಲಿ ಬದುಕೋದೇ ಕಷ್ಟ. ಇದು ತೃಣಮೂಲ ಶುರು ಮಾಡಿದ್ದೂ ಅಲ್ಲ. ಎಡಪಕ್ಷಗಳ ಕೂಟ ಎಡರಂಗ ಅಧಿಕಾರದಲ್ಲಿ ಇದ್ದಾಗ, 2003ರಲ್ಲೇ, ಸುಮಾರು 11% ಸೀಟು ಅವಿರೋಧ ಆಗಿತ್ತು. ಬಾವುಟ ಬದಲಾಯ್ತು, ಅಷ್ಟೇ.

[ತೆರೆ ಮೇಲೆ: 2018 – 34%, 2023 – 12%]

2023ರಲ್ಲಿ ಅವಿರೋಧದ ಪ್ರಮಾಣ ಸುಮಾರು 12%ಗೆ ಇಳೀತು. ಒಳ್ಳೇದಲ್ವಾ? ಪೂರ್ತಿ ಅಲ್ಲ. ನಾಮಪತ್ರದ ಗೇಟು ದಾಟಿ ಬಂದವರ ಜೊತೆ ಜಗಳ ಬೂತಿಗೆ ಹೋಯ್ತು. ಜುಲೈ 8ರ ಮತದಾನದ ದಿನ ಬ್ಯಾಲೆಟ್ ಪೆಟ್ಟಿಗೆಗಳು ಕೆರೆಗೆ ಬಿದ್ವು. ಹೌದು, ಅಲ್ಲಿ ಇನ್ನೂ ಕಾಗದದ ಮತಪತ್ರ. ಆ ಚುನಾವಣೆಯುದ್ದಕ್ಕೂ ಹತ್ತಾರು ಜನ ಸತ್ರು, ಆಡಳಿತ ಪಕ್ಷದವರೂ ಸೇರಿ. 696 ಬೂತ್‌ಗಳಲ್ಲಿ ಮರುಮತದಾನ ಮಾಡಬೇಕಾಯ್ತು.